ಎಲ್ಲಿ ಉಣ್ಣುವುದು?

ಮದುವೆಯ ದಿನವನ್ನು ವರ್ಷವರ್ಷವೂ ನೆನೆದು ಆಚರಿಸುವ ಪದ್ಧತಿ ನಮ್ಮ ಹಿರಿಯರಲ್ಲಿ ಇರಲಿಲ್ಲ. ಬಸವ ಜಯಂತಿ ಇತ್ತು, ಶಿವರಾತ್ರಿ ಇತ್ತು, ಲಿಂಗೈಕ್ಯರಾದ ಗುರುಗಳ ಸ್ಮರಣೋತ್ಸವ ಇತ್ತು. ಗಂಡ ಹೆಂಡಿರು ಕೂಡಿ ಬಾಳಿದುದಕ್ಕೆ ಒಂದು ಉತ್ಸವ ಬೇಕೆಂದು ಯಾರಿಗೂ ತೋರಿರಲಿಲ್ಲ. ಕೂಡಿ ಬಾಳದೆ ಮತ್ತೇನು ಮಾಡುವುದು ಎಂಬುದು ಅವರ ಭಾವನೆಯಾಗಿದ್ದಿರಬೇಕು. ಆದುದರಿಂದ 2025ರ ಯುಗಾದಿಗೆ ಊರಿಗೆ ಬಂದಿದ್ದ ನಮ್ಮ ಮಗ, “ಅಪ್ಪಾಜಿ, ಬರುವ ಮೇ ತಿಂಗಳಿಗೆ ನಿಮ್ಮ ಮದುವೆಯಾಗಿ 40 ವರ್ಷ ತುಂಬುತ್ತದೆ. ಅವತ್ತು ರಾತ್ರಿ ನಿಮ್ಮಿಬ್ಬರನ್ನೂ ಒಂದು ಒಳ್ಳೆಯ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋಗಬೇಕು ಅಂತ ನಾವೆಲ್ಲ ಮಾತಾಡಿಕೊಂಡಿದ್ದೇವೆ” ಎಂದಾಗ ನಮಗೆ ಮೊದಲು ನಗು ಬಂದಿತು. ಆಮೇಲೆ ಸ್ವಲ್ಪ ಸಂಕೋಚವೂ ಆಯಿತು. ಒಳಗೆ ಬೇವು ಬೆಲ್ಲದ ಬಟ್ಟಲು ತೊಳೆಯುತ್ತಿದ್ದ ನಮ್ಮ ಮನೆಯವರು ಏನೂ ಹೇಳಲಿಲ್ಲ.

ನಮ್ಮದು ಚಿಕ್ಕಜಾಜೂರು. ಹೊಳಲ್ಕೆರೆ ತಾಲ್ಲೂಕಿಗೆ ಸೇರಿದ ಊರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ದಾರಿಯಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಗಳ ಕಡೆಗೆ ಹೋಗುವ ದಾರಿ ಕವಲೊಡೆಯುವುದು ಇಲ್ಲಿಯೇ. ಜಂಕ್ಷನ್ ಎಂಬ ದೊಡ್ಡ ಹೆಸರಿದ್ದರೂ ಊರೇನೂ ದೊಡ್ಡದಲ್ಲ. ಗಾಡಿ ಬದಲಿಸುವವರಿಗೆ ಇಡ್ಲಿ, ಚಿತ್ರಾನ್ನ, ಮಂಡಕ್ಕಿ, ಮೆಣಸಿನಕಾಯಿ ಕೊಡುವ ಪುಟ್ಟ ಹೋಟೆಲುಗಳುಂಟು. ಹಸಿದವನಿಗೆ ಅವು ಸಾಕು. ಆದರೆ ಮಕ್ಕಳು ಹೇಳುವ ‘ಒಳ್ಳೆಯ ಹೋಟೆಲು’ ಎಂದರೆ ಮೇಜಿನ ಮೇಲೆ ಬಟ್ಟೆ ಹಾಸಿ, ತಣ್ಣನೆಯ ಗಾಳಿ ಬೀಸಿ, ಪುಸ್ತಕದಂತಹ ಪಟ್ಟಿಯನ್ನು ಕೈಗೆ ಕೊಡುವ ಸ್ಥಳ. ಅಂತಹದು ಬೇಕಾದರೆ ಒಂದೋ ಚಿತ್ರದುರ್ಗಕ್ಕೆ ಹೋಗಬೇಕು, ಇಲ್ಲವೇ ದಾವಣಗೆರೆಗೆ.

ಮಕ್ಕಳು ಮೊದಲು ಸೂಚಿಸಿದ್ದು ದಾವಣಗೆರೆಯ ಒಂದು ದೊಡ್ಡ ಹೋಟೆಲನ್ನು. 1997ರಲ್ಲಿ ಬೇರೆ ಜಿಲ್ಲೆಯಾಗುವವರೆಗೂ ದಾವಣಗೆರೆ ನಮ್ಮ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಇಂದಿಗೂ ನಮ್ಮ ಕಡೆಯವರು ಬಟ್ಟೆ ಬಂಗಾರ, ಆಸ್ಪತ್ರೆ, ಕಾಲೇಜು ಎಂದು ಹೊರಟರೆ ಹೆಚ್ಚಾಗಿ ಅತ್ತಲೇ ಮುಖ ಮಾಡುತ್ತಾರೆ. ಮಗ ಮೊಬೈಲಿನಲ್ಲಿ ಆ ಹೋಟೆಲಿನ ಚಿತ್ರಗಳನ್ನೂ, ಅಲ್ಲಿಗೆ ಹೋಗಿ ಬಂದವರು ಬರೆದ ಅಭಿಪ್ರಾಯಗಳನ್ನೂ ತೋರಿಸಿದ. ಐದಕ್ಕೆ ನಾಲ್ಕೂಕಾಲು ಅಂಕವಂತೆ. ಒಬ್ಬರು ಪನೀರು ಬಹಳ ಮೃದುವಾಗಿತ್ತೆಂದು ಹೊಗಳಿದ್ದರೆ, ಮತ್ತೊಬ್ಬರು ಅದೇ ಪನೀರು ರಬ್ಬರಿನಂತಿತ್ತೆಂದು ಜರೆದಿದ್ದರು. ಓಲೆಗರಿಗಳ ಪಾಠಾಂತರಗಳನ್ನು ಹೋಲಿಸಿ ನೋಡಿ ಅಭ್ಯಾಸವಿರುವ ನಮಗೂ ಇಷ್ಟೊಂದು ಸಾಕ್ಷಿಗಳಲ್ಲಿ ಯಾರನ್ನು ನಂಬಬೇಕೆಂದು ತಿಳಿಯಲಿಲ್ಲ.

ಏಪ್ರಿಲ್ ತಿಂಗಳಲ್ಲಿ ಮಗ ಸೊಸೆ ಮತ್ತೆ ಬಂದಾಗ, ಮೊದಲು ಒಮ್ಮೆ ನೋಡಿ ಬರೋಣವೆಂದು ನಮ್ಮನ್ನು ಅಲ್ಲಿಗೆ ಕರೆದೊಯ್ದರು. ನಮ್ಮ ಮನೆಯವರು, “ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆ ಒಣಹಾಕಿದ್ದೇನೆ, ಕಾಗೆ ಕಾಯಬೇಕು, ನೀವು ಹೋಗಿ ಬನ್ನಿ” ಎಂದು ಉಳಿದುಬಿಟ್ಟರು. ಯಾರ ಮದುವೆಯ ಊಟಕ್ಕೆ ಸ್ಥಳ ಹುಡುಕುತ್ತಿದ್ದೆವೋ ಅವರಲ್ಲಿ ಒಬ್ಬರನ್ನು ಬಿಟ್ಟು ಹೊರಟಿದ್ದೇವೆಂಬುದು ಅಂದು ನಮ್ಮ ಗಮನಕ್ಕೇ ಬರಲಿಲ್ಲ.

ಆ ಹೋಟೆಲಿನ ಬಗ್ಗೆ ಹೆಚ್ಚು ಬರೆಯಬೇಕಾದುದಿಲ್ಲ. ದೀಪ ಮಂದವಾಗಿತ್ತು, ಕನ್ನಡಕವಿದ್ದರೂ ಪಟ್ಟಿಯನ್ನು ಓದಲಾಗಲಿಲ್ಲ. ಸಂಗೀತದ ಅಬ್ಬರಕ್ಕೆ ಎದುರು ಕುಳಿತ ಸೊಸೆಯ ಮಾತು ಕೇಳಿಸಲಿಲ್ಲ. ಸಾಲಾಗಿ ಪಾತ್ರೆಗಳನ್ನಿಟ್ಟು ನಾವೇ ಬಡಿಸಿಕೊಳ್ಳುವ ಏರ್ಪಾಡು. ಆ ಸಾಲಿನ ಅರ್ಧ ಸಸ್ಯಾಹಾರ, ಅರ್ಧ ಮಾಂಸಾಹಾರ. ನಡುವೆ ಒಂದು ಚಿಕ್ಕ ಫಲಕ. ಫಲಕದ ಆಚೆಯ ಸೌಟು ಈಚೆಯ ಪಾತ್ರೆಗೆ ಬಂದುದನ್ನು ಕಣ್ಣಾರೆ ಕಂಡ ಮೇಲೆ ನಾವು ಬರಿಯ ಮೊಸರನ್ನ ತೆಗೆದುಕೊಂಡೆವು. ಉಂಡು, ಮಠದಲ್ಲಿ ಕಲಿತ ಅಭ್ಯಾಸದಂತೆ ತಟ್ಟೆಗೆ ನೀರು ಹಾಕಿ ತೊಳೆದು ಕುಡಿದೆವು. ಬಡಿಸುವ ಹುಡುಗ ನೀರು ಚೆಲ್ಲಿತೆಂದು ತಿಳಿದು ಬಟ್ಟೆ ಹಿಡಿದು ಓಡಿ ಬಂದ. ಮಗ ಬೇರೆ ಕಡೆಗೆ ನೋಡುತ್ತಿದ್ದ; ಅವನ ಸಂಕಟ ನಮಗೆ ಅರ್ಥವಾಗದೆ ಇರಲಿಲ್ಲ.

ಕೊನೆಗೆ ಬಿಲ್ಲು ಬಂದಿತು. ಊಟದ ಬೆಲೆಯ ಮೇಲೆ ನೂರಕ್ಕೆ 5ರಂತೆ ಸರ್ಕಾರದ ತೆರಿಗೆ, ಅದರ ಮೇಲೆ ‘ಸೇವಾ ಶುಲ್ಕ’ ಎಂದು ಇನ್ನೊಂದು ಮೊತ್ತ. ನಮ್ಮ ಸೊಸೆ ಜಾಣೆ. ಆ ಎರಡನೆಯದನ್ನು ಗ್ರಾಹಕನ ಒಪ್ಪಿಗೆಯಿಲ್ಲದೆ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿಯೇ ಸೂಚನೆ ಹೊರಡಿಸಿತೆಂದೂ, ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತೆಂದೂ ಆಕೆ ಮೆಲ್ಲನೆ ಹೇಳಿದಳು. ವ್ಯವಸ್ಥಾಪಕರು ಮರುಮಾತಿಲ್ಲದೆ ತೆಗೆದುಹಾಕಿದರು. ವಾಚಕರಿಗೂ ಉಪಯೋಗಕ್ಕೆ ಬಂದೀತೆಂದು ಇದನ್ನು ಬರೆದೆವು. ಆ ಹೋಟೆಲಿನ ಮಾತು ಅಲ್ಲಿಗೆ ಮುಗಿಯಿತು.

ಬಳಿಕ ಚಿತ್ರದುರ್ಗ. ಹೆದ್ದಾರಿಯ ಬದಿಯಲ್ಲಿ ಒಂದು ಶುದ್ಧ ಸಸ್ಯಾಹಾರದ ಹೋಟೆಲಿದೆಯೆಂದು ಶಿವಮೊಗ್ಗದಲ್ಲಿರುವ ನಮ್ಮ ಮಗಳು ಹೇಳಿದಳು. ಈ ಸಲ ನಾವೇ ದೂರವಾಣಿ ಮಾಡಿ ವಿಚಾರಿಸಿದೆವು. ಒಂದೇ ಅಡಿಗೆಮನೆಯೋ, ಬೇರೆ ಬೇರೆಯೋ? ಮೊಟ್ಟೆಯಾದರೂ ಉಂಟೋ? ಮೆಟ್ಟಿಲುಗಳೆಷ್ಟು? ಮುದುಕರಿಗೆ ಅನುಕೂಲವಾದ ಶೌಚಾಲಯವಿದೆಯೋ? ಎಲ್ಲಕ್ಕೂ ಆತ ತಾಳ್ಮೆಯಿಂದ ಉತ್ತರ ಕೊಟ್ಟ. ಕೊನೆಗೆ ನಮ್ಮ ಬಾಯಿಂದ ಇನ್ನೊಂದು ಪ್ರಶ್ನೆ ಹೊರಬಿತ್ತು: “ಅಡಿಗೆಯವರು ಯಾರು?”

ಪಕ್ಕದಲ್ಲಿದ್ದ ಮಗಳು, ನಾವು ದೂರವಾಣಿ ಕೆಳಗಿಟ್ಟ ಮೇಲೆ ಕೇಳಿದಳು: “ಯಾರು ಅಂದರೆ ಏನು ಅಪ್ಪಾಜಿ?”

ನಾವು ಉತ್ತರ ಕೊಡಲಿಲ್ಲ. ಕೊಡಲು ಇರಲಿಲ್ಲ.

ನಮ್ಮ ತಂದೆಯವರು ಹೋಟೆಲಿನ ಕಾಫಿಯನ್ನು ಕುಡಿದವರಲ್ಲ. ಸಂತೆಗೆ ಹೋಗಲಿ, ಕೋರ್ಟಿಗೆ ಹೋಗಲಿ, ಹೆಗಲಿನ ವಸ್ತ್ರದಲ್ಲಿ ರೊಟ್ಟಿ ಚಟ್ನಿಪುಡಿಯ ಬುತ್ತಿ. ಭವಿಪಾಕ ಸಲ್ಲದು ಎಂಬುದು ಅವರ ನೇಮ. ಆ ನೇಮಕ್ಕೆ ಇನ್ನೊಂದು ಮುಖವೂ ಇತ್ತು. ಅವರು ಹರೆಯದವರಾಗಿದ್ದಾಗ ಎಷ್ಟೋ ಊರುಗಳ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಂದು ಕಡೆ, ಇತರರಿಗೆ ಇನ್ನೊಂದು ಕಡೆ ಇರುತ್ತಿತ್ತು. ಕೆಲವು ಜಾತಿಯವರಿಗೆ ಯಾವ ಕಡೆಯೂ ಇರಲಿಲ್ಲ. ರೈಲು ನಿಲ್ದಾಣಗಳಲ್ಲಿ ಕುಡಿಯುವ ನೀರನ್ನು ಸಹ ಹಿಂದೂಗಳಿಗೆ ಬೇರೆ, ಮುಸಲ್ಮಾನರಿಗೆ ಬೇರೆಯಾಗಿ ಇಡುತ್ತಿದ್ದರು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯಲ್ಲಿ ಅಂಗಡಿ, ಹೋಟೆಲುಗಳ ಹೆಸರನ್ನೇ ಎತ್ತಿ, ಧರ್ಮ ಜಾತಿಗಳ ಕಾರಣದಿಂದ ಯಾರನ್ನೂ ಅಲ್ಲಿಂದ ದೂರವಿಡಬಾರದೆಂದು ಬರೆಯಬೇಕಾಯಿತು. ದೇಶದ ಮೂಲ ಶಾಸನದಲ್ಲಿ ಹೋಟೆಲಿಗೆ ಸ್ಥಳ ದೊರೆತದ್ದು ಸಣ್ಣ ಮಾತೇನಲ್ಲ. ಬೇರೆ ಪಂಕ್ತಿಯಲ್ಲಿ ಕುಳಿತು ಕಾಫಿ ಕುಡಿಯುವುದಕ್ಕಿಂತ ಬುತ್ತಿಯೇ ಲೇಸೆಂದು ನಮ್ಮ ತಂದೆಯವರಿಗೆ ತೋರಿದ್ದರೆ ಅದರಲ್ಲಿ ಸ್ವಾಭಿಮಾನವೂ ಇತ್ತು.

ಆದರೆ ಭವಿ ಎಂಬುದು ಜಾತಿಯ ಹೆಸರಲ್ಲ. ಲಿಂಗದೀಕ್ಷೆ ಪಡೆಯದವನು ಭವಿ. ಪಡೆದೊಡನೆ, ಅವನು ಯಾವ ಕುಲದಿಂದಲೇ ಬಂದಿರಲಿ, ಭಕ್ತ. ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯನವರೊಡನೆ ಒಂದೇ ಪಂಕ್ತಿಯಲ್ಲಿ ಉಂಡವರ ಪರಂಪರೆ ನಮ್ಮದು. ಈ ಮಾತನ್ನು ನಾವು ಎಷ್ಟು ವೇದಿಕೆಗಳಲ್ಲಿ ಹೇಳಿದ್ದೇವೆಯೋ ಲೆಕ್ಕವಿಲ್ಲ. ಅದೇ ಬಾಯಿ ದೂರವಾಣಿಯಲ್ಲಿ “ಅಡಿಗೆಯವರು ಯಾರು?” ಎಂದು ಕೇಳಿತು. ಆ ಪ್ರಶ್ನೆಯಲ್ಲಿ ದೀಕ್ಷೆಯ ವಿಚಾರ ಇರಲಿಲ್ಲ. ಮಾಂಸದ ಸೌಟು ಮೊಸರನ್ನಕ್ಕೆ ಬಾರದಿರಲಿ ಎಂದು ವಿಚಾರಿಸುವುದು ಒಂದು. ಸೌಟು ಹಿಡಿದವನ ಕುಲವನ್ನು ವಿಚಾರಿಸುವುದು ಬೇರೆ. ಮಗಳಿಗೆ ಅಂದು ಹೇಳಲಾಗದಿದ್ದುದನ್ನು ಇಲ್ಲಿ ಬರೆಯುತ್ತಿದ್ದೇವೆ. ಅವಳೂ ಈ ಪತ್ರಿಕೆಯನ್ನು ಓದುತ್ತಾಳೆ.

ಹೀಗಿರಲು ನಮಗೆ ಇನ್ನೊಂದು ಯೋಚನೆ ಹೊಳೆಯಿತು. ಹೋಟೆಲಿನ ಗೊಡವೆಯೇ ಬೇಡ. ಆ ದಿನ ನಾವು ಓದಿ ಬೆಳೆದ ಮಠದಲ್ಲಿ ದಾಸೋಹ ಮಾಡಿಸಿ, ಮಕ್ಕಳೊಡನೆ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ ಬಂದರಾಯಿತು. ಇದಕ್ಕಿಂತ ಉತ್ತಮವಾದುದು ಏನಿದೆ? ಮಕ್ಕಳೂ ಎದುರಾಡಲಾರದ ಮಾತು. ಸಂತೋಷದಿಂದ ಒಳಗೆ ಹೋಗಿ ಮನೆಯವರಿಗೆ ಹೇಳಿದೆವು. ಅವರು ಒಣಗಿದ ಸಂಡಿಗೆಯನ್ನು ಡಬ್ಬಿಗೆ ತುಂಬುತ್ತಿದ್ದರು. ತಲೆಯೆತ್ತದೆ, “ಆಗಲಿ. ಆದರೆ ಅಲ್ಲಿಗೆ ಹೋದರೆ ನನ್ನ ಕೈಗೆ ಸೌಟು ಬರುತ್ತದೆ” ಎಂದರು.

ಮಾತು ಅಷ್ಟೇ. ಅದರಲ್ಲಿ ಸಿಟ್ಟಿರಲಿಲ್ಲ. ಅವರು ಹೇಳಿದ್ದು ನಿಜ. ಮಠಕ್ಕೆ ಹೋದಾಗಲೆಲ್ಲ ನಾವು ಗುರುಗಳ ಸನ್ನಿಧಿಯಲ್ಲಿ ಕುಳಿತು ಶಾಸ್ತ್ರ ಚರ್ಚೆ ಮಾಡುತ್ತೇವೆ. ನಮ್ಮ ಮನೆಯವರು ಸೆರಗು ಸಿಕ್ಕಿಸಿ ತಾಯಂದಿರ ಜೊತೆ ತರಕಾರಿ ಹೆಚ್ಚಲು ಕೂರುತ್ತಾರೆ, ಪಂಕ್ತಿಗೆ ಬಡಿಸುತ್ತಾರೆ, ಕೊನೆಯ ಪಂಕ್ತಿಯಲ್ಲಿ ಉಣ್ಣುತ್ತಾರೆ. ಯಾರೂ ಬಲವಂತ ಮಾಡುವುದಿಲ್ಲ. ಅದು ಸೇವೆ, ಪುಣ್ಯ. ಅವರಿಗೂ ಅದು ಪ್ರಿಯವಾದುದೇ. ಆದರೆ ಮದುವೆಯಾಗಿ 40 ವರ್ಷ ತುಂಬಿದ ದಿನವೂ ಸೌಟೇ?

ಇಲ್ಲಿ ನಮ್ಮ ಬಾಲ್ಯದ ಮಾತೊಂದನ್ನು ಹೇಳಬೇಕು. ಎಂಟು ವರ್ಷದ ಹುಡುಗನಾಗಿ ಮಠ ಸೇರಿದವರು ನಾವು. ಪ್ರಸಾದ ನಿಲಯದಲ್ಲಿ ಮೊದಲು ಕಲಿಸಿದ ಪಾಠ, ತಟ್ಟೆಗೆ ಬಿದ್ದುದರಲ್ಲಿ ಬೇಕು ಬೇಡ ಎನ್ನಬಾರದೆಂಬುದು. ಉಪ್ಪು ಕಡಿಮೆಯಾದರೆ ಹಾಗೆಯೇ, ಮುದ್ದೆ ಗಂಟಾದರೆ ಹಾಗೆಯೇ. ಪ್ರಸಾದಕ್ಕೆ ರುಚಿ ಹೇಳುವುದು ಅಪಚಾರ. ಒಂದು ಅಗುಳೂ ಬಿಡಬಾರದು. ನೂರಾರು ಮಕ್ಕಳು ಒಟ್ಟಿಗೆ ಉಣ್ಣುವಲ್ಲಿ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಬಡವರ ಮನೆಯ ಹುಡುಗನೂ ಉಳ್ಳವರ ಮನೆಯ ಹುಡುಗನೂ ಅಲ್ಲಿ ಒಂದೇ ಆದರು. ನಾವು ಇಂದಿಗೂ ಊಟದಲ್ಲಿ ಕೊರತೆ ಎಣಿಸುವವರಲ್ಲ. ಬಂಧುಗಳು ಇದನ್ನು ಹೊಗಳುತ್ತಾರೆ: ಏನು ಬಡಿಸಿದರೂ ಉಣ್ಣುವ ಗಂಡ, ಆಕೆ ಪುಣ್ಯವಂತೆ ಎಂದು. ನಾವೂ ಹಾಗೆಯೇ ತಿಳಿದಿದ್ದೆವು. ರುಚಿ ಹೇಳಬಾರದೆಂದು ಕಲಿತ ನಾವು ರುಚಿಯನ್ನು ಕೇಳಬಾರದೆಂದೂ ಕಲಿತುಬಿಟ್ಟಿದ್ದೆವು. ನಮ್ಮ ಮನೆಯವರಿಗೆ ಏನು ಇಷ್ಟ? ಹೋಳಿಗೆಯೋ, ಶಾವಿಗೆಯೋ? ಹುಳಿಯೋ, ಖಾರವೋ? ಅಂದು ಸಂಡಿಗೆಯ ಡಬ್ಬಿಯ ಮುಂದೆ ನಿಂತು ಯೋಚಿಸಿದೆವು. ತಿಳಿಯಲಿಲ್ಲ. 40 ವರ್ಷ ಒಂದೇ ಒಲೆಯ ಊಟ ಉಂಡವರಿಗೆ ತಿಳಿಯಲಿಲ್ಲ.

ಅಂದು ಸಂಜೆ ಕಟ್ಟೆಯ ಮೇಲೆ ಕುಳಿತಿದ್ದಾಗ ಕೇಳಿದೆವು: “ಹಾಗಾದರೆ ನಿನಗೆ ಎಲ್ಲಿ ಉಣ್ಣಬೇಕು ಅನ್ನಿಸುತ್ತದೆ?”

ಅವರು ನಕ್ಕರು. “ಬೀರೂರು ಸ್ಟೇಷನ್ನಿನಲ್ಲಿ” ಎಂದರು.

ವಾಚಕರಿಗೆ ಇದು ಹಾಸ್ಯವಾಗಿ ತೋರಬಹುದು. ನಮಗೆ ಮಾತ್ರ ಎದೆ ಧಸಕ್ಕೆಂದಿತು. 1985ರ ಶ್ರಾವಣ ಮಾಸ. ವೈಶಾಖದಲ್ಲಿ ನಮ್ಮ ಮದುವೆಯಾಗಿತ್ತು. ಆಷಾಢಕ್ಕೆ ತವರಿಗೆ ಹೋಗಿದ್ದ ಅವರನ್ನು ಕರೆತರಲು ತರೀಕೆರೆಯ ಕಡೆಯ ಅವರ ಹಳ್ಳಿಗೆ ಹೋಗಿದ್ದೆವು. ಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ ತರೀಕೆರೆ, ಅಲ್ಲಿಂದ ರೈಲಿನಲ್ಲಿ ಬೀರೂರು, ಬೀರೂರಿನಲ್ಲಿ ಗಾಡಿ ಬದಲಿಸಿ ಅಜ್ಜಂಪುರ, ಶಿವನಿ, ಹೊಸದುರ್ಗ ರಸ್ತೆಯ ಮೇಲೆ ಚಿಕ್ಕಜಾಜೂರು. ಆಗ ಇನ್ನೂ ಮೀಟರ್ ಗೇಜಿನ ದಾರಿ, ಉಗಿಬಂಡಿಯ ಕಾಲ ಪೂರ್ಣ ಮರೆಯಾಗಿರದ ದಿನಗಳು. ಅತ್ತೆಯವರು ಬುತ್ತಿ ಕಟ್ಟಿ ಕೊಟ್ಟಿದ್ದರು. ತರೀಕೆರೆಯಲ್ಲಿ ಗಾಡಿ ಬಂದೇ ಬಿಟ್ಟಿತೆಂಬ ಗಡಿಬಿಡಿಯಲ್ಲಿ ಬುತ್ತಿಯ ಗಂಟು ಎತ್ತಿನ ಗಾಡಿಯಲ್ಲಿಯೇ ಉಳಿಯಿತು.

ಬೀರೂರಿನಲ್ಲಿ ನಮ್ಮ ಕಡೆಯ ಗಾಡಿ ಗಂಟೆಗಟ್ಟಲೆ ತಡವಾಯಿತು. ಮಳೆ ಬೇರೆ. ಪ್ಲಾಟ್‌ಫಾರಮ್ಮಿನ ಮೇಲೆ ಬಿಸಿ ವಡೆ ಮಾರುತ್ತಿದ್ದರು. ಎಣ್ಣೆಯಿಂದ ಆಗತಾನೆ ತೆಗೆದ ವಡೆ, ಆ ಚಳಿಗೆ ಅದರ ವಾಸನೆ ನಿಲ್ದಾಣದ ತುಂಬ ಹರಡಿತ್ತು. ಅವರಿಗೆ ಆಗ ಇಪ್ಪತ್ತರ ವಯಸ್ಸು. ಬೆಳಗಿನ ಜಾವ ಎದ್ದು ಪೂಜೆ ಮಾಡಿಕೊಂಡು ಒಂದಿಷ್ಟು ಅವಲಕ್ಕಿ ತಿಂದು ಹೊರಟವರು. ಅವರು ವಡೆಯ ಕಡೆ ಒಮ್ಮೆ ನೋಡಿದರು, ನಮ್ಮ ಕಡೆ ಒಮ್ಮೆ ನೋಡಿದರು. ಬಾಯಿ ಬಿಟ್ಟು ಕೇಳಲಿಲ್ಲ. ಅಂದು ಶ್ರಾವಣ ಸೋಮವಾರ, ನಮಗೆ ಉಪವಾಸ. ಹೋಟೆಲಿನ ಪದಾರ್ಥ ಮುಟ್ಟುವುದಿಲ್ಲವೆಂಬ ನೇಮವೂ ನಮಗಿತ್ತು. ನಮ್ಮ ನೇಮವನ್ನು ಅವರ ಹೊಟ್ಟೆಗೂ ಹಾಕಿಬಿಟ್ಟೆವು. ಎರಡು ಬಾಳೆಹಣ್ಣು ಕೊಂಡು ಕೊಟ್ಟೆವು. ಕರ್ತವ್ಯ ಮುಗಿಯಿತೆಂದು ತಿಳಿದೆವು. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಮಠದಿಂದ ಹೊರಬಂದು ಹೆಚ್ಚು ದಿನವಾಗಿರಲಿಲ್ಲ. ತಲೆಯ ತುಂಬ ಪಾಂಡಿತ್ಯ. ಹಸಿದು ಕುಳಿತ ಹುಡುಗಿಗೆ ಅಷ್ಟಾವರಣದಲ್ಲಿ ಪ್ರಸಾದದ ಸ್ಥಾನವೇನು, ಪದಾರ್ಥವು ಪ್ರಸಾದವಾಗುವುದು ಹೇಗೆ ಎಂಬುದನ್ನು ಗಾಡಿ ಬರುವವರೆಗೂ ವಿವರಿಸಿದೆವು. ಅವರು ಎಲ್ಲಕ್ಕೂ ಹೂಂಗುಟ್ಟಿದರು. ಚಿಕ್ಕಜಾಜೂರು ತಲುಪಿದಾಗ ರಾತ್ರಿ ಹತ್ತು ಮೀರಿತ್ತು. ನಮ್ಮ ತಾಯಿಯವರು ಬಾಗಿಲು ತೆರೆದು, ಸೊಸೆಯ ಮುಖ ನೋಡಿ, ಮೊದಲು ಕೇಳಿದ್ದು “ಏನಾದರೂ ತಿಂದೆಯೇನವ್ವಾ?” ಎಂದು.

ಇಷ್ಟು ವರ್ಷಗಳಲ್ಲಿ ಆ ಮಾತನ್ನು ನಮ್ಮ ಮನೆಯವರು ಒಮ್ಮೆಯೂ ಎತ್ತಿರಲಿಲ್ಲ. “ಅದು ಇನ್ನೂ ನೆನಪಿದೆಯೇ?” ಎಂದು ಕೇಳಿದೆವು. “ಹಸಿವು ನೆನಪಿಲ್ಲ. ವಡೆಯ ವಾಸನೆ ನೆನಪಿದೆ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ನಗೆಗೆ ಹೇಳಿದೆ ಬಿಡಿ” ಎಂದೂ ಸೇರಿಸಿದರು.

ಆಯ್ದಕ್ಕಿ ಲಕ್ಕಮ್ಮ ಮಾರಯ್ಯನವರ ಕಥೆಯನ್ನು ನಾವು ಹತ್ತಾರು ಊರುಗಳಲ್ಲಿ ಹೇಳಿದ್ದೇವೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಮಾರಯ್ಯನವರದು. ಒಂದು ದಿನ ಅವರು ಎಂದಿಗಿಂತ ಹೆಚ್ಚು ತಂದಾಗ, ಇಷ್ಟೇಕೆಂದು ಕೇಳಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರೆಂಬುದು ಎಲ್ಲರೂ ಬಲ್ಲ ಪ್ರಸಂಗ. ಪ್ರವಚನದಲ್ಲಿ ನಾವು ಲಕ್ಕಮ್ಮನವರ ನಿಷ್ಠೆಯನ್ನು ಕೊಂಡಾಡುತ್ತೇವೆ. ಕೇಳುವ ತಾಯಂದಿರಿಗೆ ಹಾಗೆ ಬಾಳಿರೆಂದು ಹೇಳುತ್ತೇವೆ. ಮಾರಯ್ಯನವರ ವಿಷಯದಲ್ಲಿ ಹೆಚ್ಚು ಹೇಳಿದ್ದು ನೆನಪಿಲ್ಲ. ಹೆಂಡತಿಯ ಮಾತನ್ನು ಕೇಳಿ, ತಲೆಯ ಮೇಲಿನ ಹೊರೆಯನ್ನು ಇಳಿಸದೆಯೇ ತಿರುಗಿ ಹೊರಟ ಗಂಡಸು ಆತ. ಕೇಳಿಸಿಕೊಳ್ಳಬೇಕಾದರೆ ಮೊದಲು ಮನೆಯಲ್ಲಿ ಆಕೆಗೆ ಮಾತನಾಡುವ ವಾಡಿಕೆ ಇರಬೇಕಷ್ಟೆ. ಬೀರೂರಿನ ಪ್ಲಾಟ್‌ಫಾರಮ್ಮಿನಲ್ಲಿ ಮಾತನಾಡಿದವರು ನಾವೊಬ್ಬರೇ.

ಮರುದಿನ ಬೆಳಿಗ್ಗೆ ಮತ್ತೆ ಕೇಳಿದೆವು, ಈ ಸಲ ನಗೆಗಲ್ಲ. ನಮ್ಮ ಮನೆಯವರು ದೋಸೆ ಹೊಯ್ಯುತ್ತಿದ್ದರು. “ನನಗೆ ದೊಡ್ಡ ಹೋಟೆಲು ಬೇಡ ರೀ. ಬಿಸಿ ದೋಸೆ ತಿನ್ನಬೇಕು, ಹಂಚಿನಿಂದ ನೇರವಾಗಿ ತಟ್ಟೆಗೆ ಬಿದ್ದದ್ದು. ಮನೆಯಲ್ಲಿ ದೋಸೆ ಮಾಡಿದ ದಿನ ನಾನು ತಿನ್ನುವ ಹೊತ್ತಿಗೆ ಹಂಚು ಆರಿರುತ್ತದೆ” ಎಂದರು. ವಾಚಕರಲ್ಲಿ ಗಂಡಸರಾದವರು ತಮ್ಮ ಮನೆಯಲ್ಲಿ ದೋಸೆಯ ದಿನ ಕೊನೆಯ ದೋಸೆಯನ್ನು ಯಾರು, ಎಷ್ಟು ಹೊತ್ತಿಗೆ ತಿನ್ನುತ್ತಾರೆಂದು ಒಮ್ಮೆ ಗಮನಿಸಬಹುದು. ನಾವು ಅಂದೇ ಮೊದಲ ಬಾರಿಗೆ ಗಮನಿಸಿದ್ದು. ಆಕೆ ತಿಂದದ್ದು ನಿಂತುಕೊಂಡು, ಮುರುಟಿದ್ದ ಎರಡು ದೋಸೆ.

ದೋಸೆ ಎಂದ ಮೇಲೆ ದಾವಣಗೆರೆಯೇ. ಬೆಣ್ಣೆ ದೋಸೆಯ ಊರು ಅದು. ಇದರ ಮೂಲವನ್ನು ಅಲ್ಲಿನ ಹಿರಿಯರು ಹೇಳುವ ಬಗೆ ಹೀಗೆ: 1928ರ ಸುಮಾರಿಗೆ ಚೆನ್ನಮ್ಮ ಎಂಬ ತಾಯಿ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಹೊಟ್ಟೆಪಾಡಿಗಾಗಿ ದಾವಣಗೆರೆಗೆ ಬಂದು, ನಾಟಕದ ಥಿಯೇಟರಿನ ಬಳಿ ಮೊದಲು ರಾಗಿ ದೋಸೆ ಮಾಡಿ ಮಾರಿದರು, ಮುಂದೆ ಅಕ್ಕಿ, ಉದ್ದು, ಮಂಡಕ್ಕಿಗಳನ್ನು ರುಬ್ಬಿದ ಹಿಟ್ಟಿನಿಂದ ದೋಸೆ ಹೊಯ್ದು ಬೆಣ್ಣೆ ಹಾಕತೊಡಗಿದರು, ಮಕ್ಕಳು ಅದನ್ನು ಬೆಳೆಸಿದರು. ಮಂಡಕ್ಕಿ ಭಟ್ಟಿಗಳಿಗೆ ಹೆಸರಾದ ಊರಿನಲ್ಲಿ ದೋಸೆಯ ಹಿಟ್ಟಿಗೆ ಮಂಡಕ್ಕಿ ಸೇರಿದ್ದು ಆಶ್ಚರ್ಯವಲ್ಲ. ಇಂದು ಬೆಂಗಳೂರಿನಲ್ಲಿಯೂ ‘ದಾವಣಗೆರೆ ಬೆಣ್ಣೆ ದೋಸೆ’ ಎಂಬ ಫಲಕಗಳು ಬೀದಿ ಬೀದಿಗೆ ಕಾಣುತ್ತವೆ. ಒಬ್ಬ ತಾಯಿ ಮಕ್ಕಳ ಹೊಟ್ಟೆಗಾಗಿ ಹಂಚಿನ ಮುಂದೆ ಕುಳಿತದ್ದರಿಂದ ಒಂದು ಊರಿಗೆ ಹೆಸರು ಬಂದಿತು. ಇದಕ್ಕಿಂತ ಬೇರೆ ಕಾಯಕ ಯಾವುದು?

ಮಗನಿಗೆ ನಿರಾಶೆಯಾಯಿತು. “40 ವರ್ಷಕ್ಕೆ ದೋಸೆಯೇ ಅಪ್ಪಾಜಿ? ಜನ ಏನೆಂದಾರು?” ಎಂದ. ಅವನು ದೊಡ್ಡ ಹೋಟೆಲಿಗೆಂದು ಎತ್ತಿಟ್ಟಿದ್ದ ಹಣದಲ್ಲಿ ಮುಕ್ಕಾಲು ಪಾಲು ಉಳಿಯುವುದಿತ್ತು. ಲಕ್ಕಮ್ಮನವರ ಅಕ್ಕಿಯ ಪ್ರಸಂಗವನ್ನು ಅವನಿಗೆ ವಿವರಿಸಲು ನಾವು ಬಾಯಿ ತೆರೆದೆವು. “ಪ್ರವಚನ ಬೇಡ, ಹುಡುಗ ಪಾಪ ಆಸೆಯಿಂದ ಹೇಳಿದ್ದಾನೆ” ಎಂದು ಮನೆಯವರು ತಡೆದರು. ಕೊನೆಗೆ, ಬೆಣ್ಣೆ ನಮ್ಮ ವಯಸ್ಸಿಗೆ ಹಿತವಲ್ಲವೆಂದು ಸೊಸೆ ಒಂದು ಆಕ್ಷೇಪಣೆ ಎತ್ತಿದಳು. ವೈದ್ಯರು ಒಂದು ದಿನಕ್ಕೆ ಅಡ್ಡಿಯಿಲ್ಲವೆಂದರು.

ಆ ದಿನ ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ, ಮಧ್ಯಾಹ್ನ ಮೊಮ್ಮಕ್ಕಳೂ ಸೇರಿ ಏಳು ಜನ ರೈಲಿನಲ್ಲಿಯೇ ಹೊರಟೆವು. ಕಾರಿನಲ್ಲಿ ಹೋಗೋಣವೆಂದು ಮಗ ಹೇಳಿದ್ದ. ರೈಲೇ ಆಗಲಿ ಎಂದವರು ನಾವು. ದಾವಣಗೆರೆಯಲ್ಲಿ ನಾವು ಹುಡುಕಿ ಹೋದದ್ದು ಹಳೆಯ, ಇಕ್ಕಟ್ಟಾದ ಒಂದು ಹೋಟೆಲು. ಸೌದೆಯ ಒಲೆ, ಹೊಗೆ ಹಿಡಿದ ಗೋಡೆ, ಕುಳಿತವರ ಬೆನ್ನ ಹಿಂದೆ ಸ್ಥಳಕ್ಕಾಗಿ ಕಾದು ನಿಂತವರು. ನಾವೂ ನಿಂತೆವು. ಮುಂದಿನವರು ಏಳುವವರೆಗೆ ನಮ್ಮ ಮನೆಯವರು ಧಾರೆಯ ಸೀರೆಯ ಸೆರಗನ್ನು ಒಲೆಯ ಮಸಿಗೆ ತಾಗದಂತೆ ಹಿಡಿದು, ಹಂಚಿನ ಮೇಲೆ ಹಿಟ್ಟು ಹರಡುವವನ ಕೈಯನ್ನೇ ನೋಡುತ್ತಿದ್ದರು. ಕಸುಬು ಬಲ್ಲವರು ಇನ್ನೊಬ್ಬ ಕಸುಬುದಾರನನ್ನು ನೋಡುವ ನೋಟ ಅದು. “ಹಿಟ್ಟು ನಮ್ಮದಕ್ಕಿಂತ ತೆಳು” ಎಂದರು.

ಅಂತೂ ಕುಳಿತೆವು. ಹುಡುಗ ಮೊದಲ ತಟ್ಟೆಯನ್ನು ತಂದು ನಮ್ಮ ಮುಂದೆ ಇಟ್ಟ. ಯಜಮಾನನಿಗೆ ಮೊದಲು ಎಂಬುದು ಹೋಟೆಲಿನಲ್ಲಿಯೂ ರೂಢಿ. ನಾವು ಅದನ್ನು ಅವರ ಮುಂದೆ ಸರಿಸಿದೆವು. ಅವರು ಎರಡು ಮಾತಿಲ್ಲದೆ ದೋಸೆಯನ್ನು ಮುರಿದು ಅರ್ಧವನ್ನು ನಮ್ಮ ಕಡೆಗೂ, ಚೂರನ್ನು ಮೊಮ್ಮಗನ ಕಡೆಗೂ ಚಾಚಿದರು. ಕೈಗೆ ಹತ್ತಿದ ಅಭ್ಯಾಸ. “ಅಜ್ಜನದು ಬರುತ್ತದೆ, ನಿನ್ನದು ಆರುತ್ತದೆ, ತಿನ್ನು” ಎಂದೆವು. ಮಕ್ಕಳೆಲ್ಲ ಸುಮ್ಮನೆ ನೋಡುತ್ತಿದ್ದರು. ಅವರಿಗೆ ನಾಚಿಕೆಯಾಯಿತು. ತಲೆ ಬಗ್ಗಿಸಿ ತಿನ್ನತೊಡಗಿದರು. ಬೆಣ್ಣೆ ಇನ್ನೂ ಕರಗುತ್ತಿತ್ತು, ಅಂಚು ಗರಿಗರಿಯಾಗಿತ್ತು. ಅರಿಶಿನವಿಲ್ಲದ ಬಿಳಿಯ ಆಲೂಗಡ್ಡೆ ಪಲ್ಯ, ಹಸಿಮೆಣಸಿನಕಾಯಿ ಹಾಕಿದ ತೆಳು ಕಾಯಿಚಟ್ನಿ. ಅರ್ಧ ಮುಗಿಯುವ ಹೊತ್ತಿಗೆ ತಲೆಯೆತ್ತಿ ಹುಡುಗನನ್ನು ಕರೆದು, “ಇನ್ನೊಂದು ಸ್ವಲ್ಪ ಚಟ್ನಿ ಹಾಕಪ್ಪಾ” ಎಂದರು.

ಊಟಕ್ಕೆ ಕುಳಿತು ಅವರು ತಮಗಾಗಿ ಏನನ್ನಾದರೂ ಕೇಳಿದ್ದನ್ನು ನಾವು ಅದುವರೆಗೆ ಕಂಡಿರಲಿಲ್ಲ. ಅವರಿಗೆ ಚಟ್ನಿ ಇಷ್ಟ. ಖಾರ ಮುಂದಾಗಿರಬೇಕು.

ಎರಡೂವರೆ ದೋಸೆ ತಿಂದರು. ನಾವು ಎರಡು. ನೇಮಗಳಲ್ಲಿ ಉಳಿದುದನ್ನು ಉಳಿಸಿಕೊಂಡು ಬಂದಿದ್ದೇವೆ. ಹೋಟೆಲಿನ ನೇಮ ಎಂದೋ ಸಡಿಲವಾಗಿತ್ತು, ಅಂದು ಪೂರ್ತಿಯಾಗಿ ಬಿಟ್ಟೆವು. ತಿನ್ನುವ ಮೊದಲು ಎಂದಿನಂತೆ ಮನಸ್ಸಿನಲ್ಲಿಯೇ ಲಿಂಗಕ್ಕೆ ಅರ್ಪಿಸಿದ್ದೆವು. ಅಡಿಗೆಯವರು ಯಾರೆಂದು ಕೇಳಲಿಲ್ಲ. ಹೊರಡುವಾಗ ನಮ್ಮ ಮನೆಯವರೇ ಒಲೆಯ ಹತ್ತಿರ ಹೋಗಿ ಆತನಿಗೆ ಕೈಮುಗಿದು ಬಂದರು.

ಮರಳುವ ಗಾಡಿಯಲ್ಲಿ ಜನ ಕಡಿಮೆ. ಮೊಮ್ಮಗ ಅಜ್ಜಿಯ ತೊಡೆಯ ಮೇಲೆ ಮಲಗಿಬಿಟ್ಟಿದ್ದ. ಮಾಯಕೊಂಡ ದಾಟಿದ ಮೇಲೆ ಅವರು ಕಿಟಕಿಯ ಆಚೆಯ ಕತ್ತಲನ್ನು ನೋಡುತ್ತ, “ಬೀರೂರಿಗೂ ಒಂದು ದಿನ ಹೋಗಿ ಬರೋಣ ರೀ. ವಡೆ ಈಗ ಹೇಗಿರುತ್ತದೋ” ಎಂದರು. ನಾವು ಎದುರು ಕುಳಿತಿದ್ದ ಮಗನಿಗೆ, ಬೀರೂರಿಗೆ ಹಗಲು ಹೊತ್ತಿನ ಗಾಡಿ ಯಾವುದಿದೆ, ಮೊಬೈಲಿನಲ್ಲಿ ನೋಡೆಂದು ಹೇಳಿದೆವು.